ಪ್ರ: ಫಿನ್ನಿಶ್‌ನ ‘ಕುನಿಂಗಸ್’ (ರಾಜ) ಇಂಗ್ಲಿಷ್‌ನ ‘ಕಿಂಗ್’ನಿಂದ ಬಂದದ್ದಾ?

ಇಲ್ಲ, ಆದರೆ ಎರಡಕ್ಕೂ ಮೂಲ ಒಂದೇ. ಇಂಗ್ಲಿಷ್, ಜರ್ಮನ್, ಡಚ್ ಹುಟ್ಟಿಬಂದ ಆದಿ-ಜರ್ಮಾನಿಕ್ ಭಾಷೆಯ *ಕುನಿಂಗಜ಼್. ಪದದ ಮೊದಲಿಗಿರುವ ನಕ್ಷತ್ರ ಚಿಹ್ನೆ ನೋಡಿದಿರಲ್ವಾ? ಬರಹದಲ್ಲಿ ಸಿಕ್ಕಿಲ್ಲ, ಅದರಿಂದ ಹುಟ್ಟಿದ ಭಾಷೆಗಳನ್ನು ಹೋಲಿಸಿ ಕಟ್ಟಿಕೊಂಡ ರೂಪ ಅಂತ ಅರ್ಥ. ‘ಕುನ್ಯ’ ಅಂದರೆ ಕುಲ, ‘ಇಂಗಜ಼್’ ಅಂದರೆ ಅದಕ್ಕೆ ಸೇರಿದವನು. ಹಾಗಾಗಿ ‘ಒಳ್ಳೆ ಕುಲದವನು’ ಅನ್ನೋದು ಸಾಮಾನ್ಯವಾಗಿ ಕೊಡುವ ವಿವರಣೆ.

ಇಂಗ್ಲಿಷ್‌ನಲ್ಲಿ ಅದು ಮೊದಲು ‘ಕ್ಯುನಿಂಗ್’ ಆಯಿತು, ಆಮೇಲೆ ಸವೆದು ‘ಕಿಂಗ್’. ಜರ್ಮನ್‌ನಲ್ಲಿ ‘ಕ್ಯೋನಿಗ್’, ಡಚ್‌ನಲ್ಲಿ ‘ಕೋನಿಂಗ್’.

ಮಜಾ ಇರೋದು ಫಿನ್ನಿಶ್‌ನಲ್ಲಿ. ಅದು ಜರ್ಮಾನಿಕ್ ಕುಟುಂಬದ ಭಾಷೆಯೇ ಅಲ್ಲ. ತುಂಬಾ ಹಿಂದೆ ಪದವನ್ನು ಸಾಲ ತಗೊಂಡು, ಇಂಗ್ಲಿಷ್, ಜರ್ಮನ್, ಡಚ್‌ನಂಥ ಜರ್ಮಾನಿಕ್‌ನ ಸ್ವಂತ ಮಕ್ಕಳೇ ಕಳೆದುಕೊಂಡ ಕೊನೆಯ ‘ಅಜ಼್’ ಅನ್ನು ‘ಅಸ್’ ಮಾಡಿ ಇವತ್ತಿಗೂ ಉಳಿಸಿಕೊಂಡಿದೆ. ಎಸ್ಟೋನಿಯನ್‌ನಲ್ಲೂ ‘ಕುನಿಂಗಸ್’ ಅಂತಲೇ.

ಸ್ಲಾವಿಕ್, ಬಾಲ್ಟಿಕ್ ಭಾಷೆಗಳ ಕಡೆ ಹೋದದ್ದು ಬೇರೆ ದಾರಿ ಹಿಡಿಯಿತು. ರಷ್ಯನ್‌ನಲ್ಲಿ ‘ಕ್ನ್ಯಾಜ಼್’ ರಾಜಕುಮಾರ. ಪೋಲಿಷ್‌ನ ‘ಕ್ಶೊಂಡ್ಜ಼್’ ಮಾತ್ರ ಪಾದ್ರಿ! ಬಾಲ್ಟಿಕ್ ಭಾಷೆಯಾದ ಲಿಥುವೇನಿಯನ್‌ನ ‘ಕುನಿಗಸ್’ ಕೂಡ ಈಗ ಪಾದ್ರಿಯೇ.

ಇನ್ನೂ ಹಿಂದಕ್ಕೆ ಹೋದರೆ, ಆ ‘ಕುನ್ಯ’ದ ಬೇರು ‘ಹುಟ್ಟಿಸು’ ಅನ್ನುವ ಇಂಡೋ-ಯುರೋಪಿಯನ್ ಧಾತು. ಸಂಸ್ಕೃತದ ‘ಜನ’, ‘ಜನ್ಮ’ ಅದರಿಂದಲೇ ಬಂದವು. ನಾವು ದಿನಾ ಆಡುವ ‘ಜನ’ಕ್ಕೂ ‘ಕಿಂಗ್’ಗೂ ದೂರದ ನೆಂಟಸ್ತನ ಇದೆ.