ಓದುಗರ ಪ್ರಶ್ನೆ, ನಮ್ಮ ಉತ್ತರ: ಬಂದೇನವಾಜ್ ದರ್ಗಾದ ಮೊದಲ ದಿನಗಳು

ಪ್ರಶ್ನೆ (ಸೇಡಂನಿಂದ): ಕಲಬುರಗಿಯಲ್ಲಿ 2025ರಲ್ಲಿ ನಡೆದದ್ದು 621ನೇ ಉರುಸು ಎಂದರು. ಸೂಫಿ ಸಂತ ಖ್ವಾಜಾ ಬಂದೇನವಾಜರು ತೀರಿಕೊಂಡದ್ದು 1422ರಲ್ಲಿ. ಕಳೆದರೆ 603 ಬರುತ್ತದೆ. ಮಿಕ್ಕ 18 ವರ್ಷ ಎಲ್ಲಿಂದ ಬಂತು?

ಉತ್ತರ: ಉರುಸಿನ ಎಣಿಕೆ ಹಿಜರಿ ವರ್ಷದ್ದು. ಖ್ವಾಜಾ ಕಣ್ಮುಚ್ಚಿದ್ದು ಹಿಜರಿ 825ರ ಜಿಲ್ಕಾದ್ 16ರಂದು, ಅಂದರೆ 1422ರ ನವೆಂಬರ್ 1. 2025ರ ಉರುಸು ಹಿಜರಿ 1446ರದು. 1446ರಲ್ಲಿ 825 ಕಳೆಯಿರಿ, 621 ಸಿಗುತ್ತದೆ. ಹಿಜರಿ ವರ್ಷಕ್ಕೆ 354 ಇಲ್ಲವೇ 355 ದಿನ. ಅವು 33 ಉರುಳುವ ಹೊತ್ತಿಗೆ ನಮ್ಮವು 32 ಮಾತ್ರ ಆಗಿರುತ್ತವೆ. ಆರು ಶತಮಾನದಲ್ಲಿ ಈ ವ್ಯತ್ಯಾಸ ಬೆಳೆದು 18 ಆಗಿದೆ.

ಗೋರಿ ಶಾಸನವನ್ನೋ ಹಳೆಯ ಸನದನ್ನೋ (ದಾನಪತ್ರವನ್ನೋ) ಓದುವಾಗ ಇಸವಿ ಹೀಗೆ ಕಂಡುಕೊಳ್ಳಿ: ಹಿಜರಿ ವರ್ಷವನ್ನು 33ರಿಂದ ಭಾಗಿಸಿ, ಬಂದದ್ದನ್ನು ಅದೇ ವರ್ಷದಿಂದ ಕಳೆದು, 622 ಕೂಡಿಸಿ. 825ನ್ನು ಭಾಗಿಸಿದರೆ 25, ಕಳೆದರೆ 800, ಕೂಡಿಸಿದರೆ 1422. ಭಾಗಿಸುವುದನ್ನು ಬಿಟ್ಟು ನೇರವಾಗಿ 622 ಕೂಡಿಸಿದರೆ 1447 ಬರುತ್ತದೆ. ಹಲವರು ಎಡವುವುದು ಇಲ್ಲೇ. ಸರಿಯಾಗಿ ಮಾಡಿದರೂ ಒಂದು ವರ್ಷ ಹೆಚ್ಚುಕಮ್ಮಿ ಆಗಬಹುದು. ಖ್ವಾಜಾ ದಿಲ್ಲಿ ಬಿಟ್ಟ ಹಿಜರಿ 801ಕ್ಕೆ ಈ ಲೆಕ್ಕ 1399 ಎನ್ನುತ್ತದೆ, ಆದರೆ ಅವರು ಹೊರಟದ್ದು 1398ರ ಡಿಸೆಂಬರಿನಲ್ಲಿ. ಆದ್ದರಿಂದ ತಿಂಗಳನ್ನೂ ನೋಡದೆ ಇಸವಿ ಬರೆಯಬೇಡಿ. ಅವರ ವಯಸ್ಸಿನ ಗೊಂದಲಕ್ಕೂ ಕಾರಣ ಈ ಎರಡು ಬಗೆಯ ವರ್ಷಗಳೇ. ಹುಟ್ಟಿದ್ದು ಹಿಜರಿ 721ರಲ್ಲಿ, ಅಂದರೆ 1321ರಲ್ಲಿ. ಒಂದು ಪುಸ್ತಕ 101 ವರ್ಷ ಬದುಕಿದರು ಎಂದರೆ ಇನ್ನೊಂದು 105ನೇ ವರ್ಷದಲ್ಲಿ ತೀರಿಕೊಂಡರು ಎನ್ನುತ್ತದೆ. ಎರಡೂ ಸರಿ: ಮೊದಲನೆಯದು ನಮ್ಮ ವರ್ಷಗಳ ಲೆಕ್ಕ, ಎರಡನೆಯದು ಹಿಜರಿಯದು.

ಪ್ರಶ್ನೆ (ಬೀದರಿನಿಂದ): ಅವರು ಕಲಬುರಗಿಗೆ ಬಂದದ್ದು 1400ರ ಸುಮಾರಿಗೋ, 1412ರಲ್ಲೋ? ಎರಡನ್ನೂ ಓದಿದ್ದೇನೆ.

ಉತ್ತರ: 1400ರ ಸುಮಾರು ಎಂಬುದನ್ನೇ ನಂಬಿ. 1412ರ ಲೆಕ್ಕ ಇತಿಹಾಸಕಾರ ಫಿರಿಶ್ತಾನದು. ಅವನು ಹಿಜರಿ 815 ಎಂದು ಬರೆದ. ಆದರೆ ಅವನು ಬಿಜಾಪುರದಲ್ಲಿ ಕೂತು ಬರೆದದ್ದು ಖ್ವಾಜಾ ತೀರಿಕೊಂಡ ಸುಮಾರು ಎರಡು ಶತಮಾನದ ನಂತರ. ಖ್ವಾಜಾರ ಶಿಷ್ಯ ಮುಹಮ್ಮದ್ ಅಲಿ ಸಾಮಾನಿ ಅವರ ಜೀವನಚರಿತ್ರೆ 'ಸಿಯರ್-ಎ-ಮುಹಮ್ಮದಿ'ಯನ್ನು ಬರೆದದ್ದು ಗುರು ಹೋದ ಹತ್ತು ವರ್ಷದೊಳಗೆ. ಅದರಂತೆ, ತೈಮೂರನ ದಂಡು ದಿಲ್ಲಿಗೆ ಬಂದಾಗ ಖ್ವಾಜಾ ಊರು ಬಿಟ್ಟರು, ಗ್ವಾಲಿಯರ್, ಗುಜರಾತು ಹಾದು ದೌಲತಾಬಾದಿಗೆ ಬಂದರು, ಅಲ್ಲಿಂದ ಕಲಬುರಗಿಗೆ. 1412 ಎಂದರೆ ನಡುವಿನ ಹನ್ನೆರಡು ವರ್ಷಗಳನ್ನು ತುಂಬಲು ಏನೂ ಸಿಗುವುದಿಲ್ಲ.

ದಖ್ಖನ್ ಅವರಿಗೆ ಅಪರಿಚಿತ ನಾಡೇನಲ್ಲ. ಮುಹಮ್ಮದ್ ಬಿನ್ ತುಘಲಕ್ ಜನರನ್ನು ದೌಲತಾಬಾದಿಗೆ ಸಾಗಿಸಿದಾಗ ಅವರ ಮನೆಯವರೂ ಬಂದಿದ್ದರು. ಖ್ವಾಜಾ ಆಗ ಚಿಕ್ಕ ಹುಡುಗ. ತಂದೆಯ ಗೋರಿ ಹತ್ತಿರದ ಖುಲ್ದಾಬಾದಿನಲ್ಲಿದೆ. ದಿಲ್ಲಿಗೆ ಮರಳಿ ಸೂಫಿ ಗುರು ನಸೀರುದ್ದೀನ್ ಚಿರಾಗ್-ಎ-ದೆಹಲಿಯವರ ಮುರೀದರಾದದ್ದು (ಶಿಷ್ಯರಾದದ್ದು) ಆಮೇಲೆ. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ತಂದೆ ಮಲಗಿದ ನೆಲದ ಕಡೆಗೇ ಹೊರಳಿದರು.

ಪ್ರಶ್ನೆ (ಯಾದಗಿರಿಯಿಂದ): ಗುಂಬಜ್ ಕಟ್ಟಿಸಿದವನು ಫಿರೋಜ್ ಶಾಹ ಬಹಮನಿ ಎಂದು ಅಲ್ಲಿ ಒಬ್ಬರು ಹೇಳಿದರು. ಹೌದೇ?

ಉತ್ತರ: ಅಲ್ಲ, ಇದು ಸಾಧ್ಯವೇ ಇಲ್ಲ. ಫಿರೋಜ್ ಖ್ವಾಜಾಗಿಂತ ಮೊದಲೇ ತೀರಿಕೊಂಡ.

ಖ್ವಾಜಾ ಬಂದಾಗ ಗೌರವದಿಂದ ಬರಮಾಡಿಕೊಂಡವನು ಫಿರೋಜ್ ಎಂಬುದೇನೋ ನಿಜ. ಆದರೆ ನಂಟು ಉಳಿಯಲಿಲ್ಲ. ಸುಲ್ತಾನನಿಗೆ ತರ್ಕ, ಖಗೋಳಗಳ ಗೀಳು. ದೌಲತಾಬಾದಿನ ಬಳಿ ವೀಕ್ಷಣಾಲಯ ಕಟ್ಟಿಸಲು ಹೊರಟವನು. ಆ ವಿದ್ಯೆಗಳಲ್ಲಿ ಖ್ವಾಜಾ ಅವನ ಕಣ್ಣಿಗೆ ಸಾಲಲಿಲ್ಲ ಎನ್ನುತ್ತಾನೆ ಫಿರಿಶ್ತಾ. ಮಗ ಹಸನ್ ಖಾನನನ್ನು ಯುವರಾಜನಾಗಿ ಹರಸಿ ಎಂದು ಸುಲ್ತಾನ ಕೇಳಿದಾಗ ಖ್ವಾಜಾ ಒಪ್ಪಲಿಲ್ಲ, ಪಟ್ಟ ಫಿರೋಜನ ತಮ್ಮ ಅಹ್ಮದನಿಗೆ ಎಂದರು. ಅರಮನೆಯ ಹತ್ತಿರ ಜನಜಂಗುಳಿ ಹೆಚ್ಚಾಯಿತು, ಬೇರೆಡೆ ಹೋಗಿ ಎಂಬ ಅಪ್ಪಣೆ ಬಂತು. ಅವರು ಊರ ಹೊರಗೆ ಬಂದು ನೆಲೆಸಿದ ಜಾಗವೇ ಇಂದಿನ ದರ್ಗಾ. ಭಕ್ತರು ಇಂದು ಬರುವ ಈ ನೆಲವನ್ನು ಗೊತ್ತುಮಾಡಿದ್ದು ಆ ಮುನಿಸು.

ಪಟ್ಟದ ಭವಿಷ್ಯವಾಣಿಯನ್ನು ಮಾತ್ರ ಎಚ್ಚರದಿಂದ ಓದಬೇಕು. ಅಹ್ಮದ್ ಗೆದ್ದ ಮೇಲೆ ಅವನ ಕಡೆಯವರು ಅದಕ್ಕೆ ಅಂದ ಕೊಟ್ಟಿರಬಹುದು. ಅಹ್ಮದ್ ಖ್ವಾಜಾರ ಸೇವೆಗೆ ನಿಂತಿದ್ದ ಎಂಬುದಕ್ಕೆ ಮುಂದೆ ನಡೆದದ್ದೇ ಸಾಕ್ಷಿ. 1420ರಲ್ಲಿ ಪಾನಗಲ್ಲಿನಲ್ಲಿ ವಿಜಯನಗರದ ಕೈಯಲ್ಲಿ ಸೋತ ಫಿರೋಜ್ ಕುಗ್ಗಿಹೋದ. 1422ರ ಸೆಪ್ಟೆಂಬರಿನಲ್ಲಿ ಅಹ್ಮದ್ ಪಟ್ಟಕ್ಕೆ ಬಂದ, ಕೆಲವೇ ದಿನಗಳಲ್ಲಿ ಫಿರೋಜ್ ಸತ್ತ, ನವೆಂಬರ್ 1ಕ್ಕೆ ಖ್ವಾಜಾ ಹೋದರು. ಗುಂಬಜ್ ಕಟ್ಟಿಸಿದ್ದು, ಅವರ ಮನೆತನಕ್ಕೆ ಹಳ್ಳಿಗಳನ್ನು ಇನಾಮು ಕೊಟ್ಟದ್ದು ಅಹ್ಮದ್ ಶಾಹ. ಗಳಿಕೆ ಇಲ್ಲದ ಗೋರಿಗೆ ದೀಪ, ಲಂಗರು (ಉಚಿತ ಊಟ), ಉರುಸು ನಡೆಸಿಕೊಂಡು ಬರುವುದು ಕಷ್ಟ. ಆ ಇನಾಮು ದೊಡ್ಡ ಆಸರೆಯಾಯಿತು. ಕೆಲವೇ ವರ್ಷಗಳಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಆಮೇಲೂ ದಖ್ಖನ್ನಿನ ಜನ ಕಲಬುರಗಿಗೆ ಬರುತ್ತಲೇ ಇದ್ದರೆ ಅದಕ್ಕೆ ದರ್ಗಾವೇ ಮುಖ್ಯ ಕಾರಣ ಎನ್ನಬೇಕು.

ಪ್ರಶ್ನೆ (ಆಳಂದದಿಂದ): ಕಲಬುರಗಿಗೆ ಬಂದ ಮೊದಲ ಸೂಫಿ ಅವರೇನಾ?

ಉತ್ತರ: ಅಲ್ಲ. ಮೊದಲ ಬಹಮನಿ ಸುಲ್ತಾನರು ನಡೆದುಕೊಂಡದ್ದು ಶೇಖ್ ಸಿರಾಜುದ್ದೀನ್ ಜುನೈದಿಯವರಿಗೆ. ಅವರು ತೀರಿಕೊಂಡದ್ದು 1380ರ ಸುಮಾರಿಗೆ. ಶೇಖ್ ರೋಜಾ ಬಡಾವಣೆಯ ಹೆಸರು ಅವರ ದರ್ಗಾದಿಂದಲೇ ಬಂದದ್ದು.

ಪ್ರಶ್ನೆ (ಅಫಜಲಪುರದಿಂದ): ದರ್ಗಾದಲ್ಲಿ ಕಾಣುವುದರಲ್ಲಿ ಯಾವುದು ಹಳೆಯದು?

ಉತ್ತರ: ಖ್ವಾಜಾರ ಗುಂಬಜ್. ಆವರಣದ ಮಸೀದಿ 17ನೇ ಶತಮಾನದ್ದು, ಆದಿಲಶಾಹಿ ಸರದಾರ ಅಫ್ಜಲ್ ಖಾನ್ ಕಟ್ಟಿಸಿದ್ದು. ಭಾರಿ ಕಮಾನೂ ಬಹಮನಿಗಳ ನಂತರದ್ದೇ. ದರ್ಗಾಕ್ಕೆ ಹೋಗುವ ಮೊದಲು ಹತ್ತಿರದ ಹಫ್ತ್ ಗುಂಬಜಿನಲ್ಲಿ (ಬಹಮನಿ ಗೋರಿಗಳ ಸಮೂಹ) ಫಿರೋಜ್ ಶಾಹನ ಗೋರಿ ನೋಡಿ: ಎರಡು ಕೋಣೆ, ಎರಡು ಗುಮ್ಮಟ. ಖ್ವಾಜಾರದು ಒಂದೇ ಕೋಣೆ, ಒಂದೇ ಗುಮ್ಮಟ. ಬಹಮನಿ ಕೆಲಸ ಯಾವುದು, ಆಮೇಲೆ ಸೇರಿದ್ದು ಯಾವುದು ಎಂದು ಗುರುತಿಸಲು ಈ ಎರಡನ್ನೂ ಒಂದೇ ದಿನ ನೋಡುವುದು ಒಳ್ಳೆಯದು.