ಓದುಗರ ಪ್ರಶ್ನೆ: ತೀರಿಕೊಂಡವರ ನೆನಪಿಗೊಂದು ಪುಸ್ತಿಕೆ

ಪ್ರಶ್ನೆ: ನನ್ನ ಹೆಂಡತಿ ತೀರಿಕೊಂಡು ಎಂಟು ತಿಂಗಳಾಯಿತು. ವರ್ಷಾಬ್ದಿಕಕ್ಕೆ ಬಂದವರ ಕೈಗೆ ಒಂದು ಪುಟ್ಟ ಪುಸ್ತಿಕೆ ಕೊಡಬೇಕೆಂದು ನನಗೂ ಅವಳ ಅಣ್ಣನಿಗೂ ಆಸೆ. ಬರೆಯಲು ಕೂತರೆ ‘ಸದ್ಗೃಹಿಣಿ, ಮಮತಾಮಯಿ’ ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ. – ಓದುಗರು, ಅರಸೀಕೆರೆ

ಉತ್ತರ: ಮೊದಲು ಭಾವನನ್ನು ಮಾತಿಗೆ ಕೂರಿಸಿ. ನಿಮಗೆ ಗೊತ್ತಿರುವುದು ಮದುವೆಯ ನಂತರದ ಆಕೆ. ಅದಕ್ಕೆ ಮೊದಲಿನ ಇಪ್ಪತ್ತು ಚಿಲ್ಲರೆ ವರ್ಷ ಇರುವುದು ತವರಿನವರ ಬಳಿ. ‘ಇಂಥವರ ಮಗಳಾಗಿ ಜನಿಸಿ, ಇಂಥವರ ಕೈಹಿಡಿದು’ ಎಂದು ಒಂದೇ ಸಾಲಿನಲ್ಲಿ ಬಾಲ್ಯ ಮುಗಿಸಿಬಿಡುವುದರಿಂದಲೇ ಇಂಥ ಪುಸ್ತಿಕೆಗಳು ಸಪ್ಪೆಯಾಗುತ್ತವೆ.

‘ನಿಮ್ಮ ತಂಗಿ ಹೇಗಿದ್ದರು?’ ಎಂದು ಕೇಳಿದರೆ ‘ಬಹಳ ಒಳ್ಳೆಯವಳು’ ಎಂಬ ಉತ್ತರವೇ ಸಿಗುವುದು. ಶಾಲೆಗೆ ಯಾರ ಜೊತೆ ಹೋಗುತ್ತಿದ್ದಳು? ಅಮ್ಮ ಊರಲ್ಲಿಲ್ಲದ ದಿನ ಒಲೆ ಹಚ್ಚುತ್ತಿದ್ದವರು ಯಾರು? ಅಣ್ಣನ ಹತ್ತಿರ ಯಾವುದಕ್ಕೆ ಜಗಳ ಕಾಯುತ್ತಿದ್ದಳು? ಹೀಗೆ ಕೇಳಿ. ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಇಬ್ಬರನ್ನು ಒಟ್ಟಿಗೆ ಕೂರಿಸಿದರೆ ಇನ್ನೂ ಚೆನ್ನ. ಒಬ್ಬರು ತಪ್ಪಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮುಕ್ಕಾಲು ಗಂಟೆ ಸಾಕು, ಆಮೇಲೆ ಹೇಳಿದ್ದೇ ಮತ್ತೆ ಬರುತ್ತದೆ. ಅವರ ಮಾತನ್ನು ‘ಗ್ರಾಂಥಿಕ’ ಮಾಡಲು ಹೋಗಬೇಡಿ, ಹೇಳಿದ ಹಾಗೇ ಬರೆಯಿರಿ.

ಹೆಂಡತಿಯ ನೆನಪಿಗೆ ಬರೆಸುವುದು ನಮ್ಮಲ್ಲಿ ಹೊಸತಲ್ಲ. ಹೊಯ್ಸಳರ ದಂಡನಾಯಕ ಗಂಗರಾಜ ಹನ್ನೆರಡನೇ ಶತಮಾನದಲ್ಲಿ ಹೆಂಡತಿ ಲಕ್ಷ್ಮೀಮತಿಗಾಗಿ ಶ್ರವಣಬೆಳಗೊಳದಲ್ಲಿ ನಿಸಿಧಿ, ಅಂದರೆ ಜೈನರ ಸ್ಮಾರಕಗಲ್ಲು, ನಿಲ್ಲಿಸಿದ. ಅಲ್ಲಿನ ಶಾಸನದಲ್ಲಿ ಹೊಗಳಿಕೆಯೇನೋ ಧಾರಾಳವಾಗಿದೆ. ಆದರೆ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಕೆ ದೊಡ್ಡವಳೆಂದು ಆಕೆ ಮಾಡಿದ ಕೆಲಸವನ್ನೂ ಅದು ಹೇಳುತ್ತದೆ. ನೀವೂ ಅಷ್ಟು ಮಾಡಿ. ‘ಉದಾರಿ’ ಎಂಬ ಪದ ಬಂದಲ್ಲೆಲ್ಲ ಯಾರಿಗೆ, ಏನು ಕೊಟ್ಟರು ಎಂದು ಸೇರಿಸಿ. ಸೇರಿಸಲು ಏನೂ ಇಲ್ಲದಿದ್ದರೆ ಆ ಪದವನ್ನೇ ಹೊಡೆದುಹಾಕಿ.

ತಾರೀಖುಗಳ ವಿಷಯದಲ್ಲಿ ಹುಷಾರಾಗಿರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹುಟ್ಟಿದ ದಿನ ಎಷ್ಟೋ ಸಲ ಶಾಲೆಗೆ ಸೇರಿಸಿದಾಗ ಮೇಷ್ಟ್ರು ಬರೆದುಕೊಂಡದ್ದು. ಜೂನ್ 1 ಎಂದಿದ್ದರಂತೂ ಅನುಮಾನ ಪಡಲೇಬೇಕು. ಜಾತಕವಿದ್ದರೆ ಹೋಲಿಸಿ ನೋಡಿ, ಆದರೆ ಸಂವತ್ಸರ ಯುಗಾದಿಗೆ ಬದಲಾಗುತ್ತದೆಂಬುದು ನೆನಪಿರಲಿ. ಸೌಮ್ಯ ಸಂವತ್ಸರ 1969–70. ಅದರ ಮಾಘದಲ್ಲಿ ಹುಟ್ಟಿದವರ ಇಸವಿ 1970 ಆಗಬೇಕು; ಅವಸರದಲ್ಲಿ 1969 ಎಂದು ಹಾಕಿಬಿಡುತ್ತಾರೆ. ವರ್ಷಾಬ್ದಿಕವೂ ತಿಥಿಯ ಲೆಕ್ಕದ್ದೇ. ಇಂಗ್ಲಿಷ್ ತಾರೀಖಿಗಿಂತ ಸುಮಾರು 11 ದಿನ ಮೊದಲು ಬರುತ್ತದೆ, ನಡುವೆ ಅಧಿಕಮಾಸ ಬಂದರೆ 18–19 ದಿನ ಮುಂದಕ್ಕೆ ಹೋಗುತ್ತದೆ. ಪುರೋಹಿತರನ್ನು ಕೇಳದೆ ಪ್ರೆಸ್‌ಗೆ ದಿನ ಕೊಡಬೇಡಿ.

ಎ5 ಅಳತೆಯ 32 ಪುಟ ಧಾರಾಳ. ನಡುವೆ ಪಿನ್ ಹೊಡೆಯುವ ಪುಸ್ತಿಕೆಯಾದ್ದರಿಂದ ಪುಟಗಳು ನಾಲ್ಕರ ಗುಣಕದಲ್ಲಿರಬೇಕು. 30ಕ್ಕೆ ನಿಲ್ಲಿಸಿದರೆ ಎರಡು ಪುಟ ಖಾಲಿ ಉಳಿಯುತ್ತವೆ. ಒಳಪುಟಕ್ಕೆ 100 ಜಿಎಸ್‌ಎಂ ಮ್ಯಾಪ್ಲಿಥೊ ಕಾಗದ ಹಾಕಿಸಿ (ಜಿಎಸ್‌ಎಂ ಎಂದರೆ ಕಾಗದದ ತೂಕದ ಅಳತೆ), 70ರದ್ದಾದರೆ ಫೋಟೊ ಹಿಂಬದಿಗೆ ಕಾಣುತ್ತದೆ. ರಟ್ಟಿಗೆ 250–300. ನೂರು ಪ್ರತಿಗೆ ಆಫ್‌ಸೆಟ್ ದುಬಾರಿ, ಡಿಜಿಟಲ್ ಪ್ರಿಂಟ್ ಸಾಕು. ಪ್ರೆಸ್‌ನವರು ಹಳೆಯ ನುಡಿ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸಿದ್ದರೆ ಅರ್ಕಾವತ್ತು, ‘ಸ್ತ್ರೀ’, ‘ಜ್ಞ’ ಇರುವ ಪದಗಳನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಕೆಡುವುದು ಅವೇ.

ಇನ್ನು ಹೆಸರುಗಳು. ಅಕ್ಷರ ತಪ್ಪಿದರೆ ಜನ ಕ್ಷಮಿಸುತ್ತಾರೆ, ಓರಗಿತ್ತಿಯ ಹೆಸರೇ ಬಿಟ್ಟುಹೋದರೆ ವರ್ಷಗಟ್ಟಲೆ ಮಾತಿರುವುದಿಲ್ಲ. ಕೊನೆಯ ಪ್ರೂಫ್ ಅನ್ನು ನಿಮ್ಮ ಕಡೆಯ ಒಬ್ಬರು, ತವರಿನ ಕಡೆಯ ಒಬ್ಬರು ಓದಲಿ.

ಪ್ರಶ್ನೆ: ಅಕ್ಕನ ಹಳೆಯ ಫೋಟೊಗಳು ಆಲ್ಬಂಗೆ ಅಂಟಿಕೊಂಡಿವೆ, ಕೆಲವು ಕೆಂಪಾಗಿವೆ. ಏನು ಮಾಡಲಿ? – ಓದುಗರು, ಧಾರವಾಡ

ಉತ್ತರ: ಕಿತ್ತು ತೆಗೆಯಬೇಡಿ, ಮೊದಲು ಇದ್ದಲ್ಲೇ ಸ್ಕ್ಯಾನ್ ಮಾಡಿ. ಅಂಟಿನ ಹಾಳೆಯ ಆಲ್ಬಂ ಆಗಿದ್ದರೆ ಹಲ್ಲಿನ ಸಂದಿಗೆ ಬಳಸುವ ದಾರವನ್ನು ಮೂಲೆಯಿಂದ ಫೋಟೊದ ಕೆಳಗೆ ತೂರಿಸಿ ನಿಧಾನವಾಗಿ ಎಳೆದರೆ ಬಹುಪಾಲು ಬಿಡುತ್ತವೆ. ಚೌಕಟ್ಟಿನ ಗಾಜಿಗೇ ಅಂಟಿದ್ದನ್ನು ಮಾತ್ರ ಮುಟ್ಟಬೇಡಿ. ಬಿಡಿಸಿದರೆ ಮುಖದ ಪದರ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಪಾಸ್‌ಪೋರ್ಟ್ ಅಳತೆಯ ಫೋಟೊವನ್ನು 600 ಡಿಪಿಐಗೆ (ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ) ಸ್ಕ್ಯಾನ್ ಮಾಡಿದರೆ 7×9 ಸೆಂ.ಮೀ.ವರೆಗೆ, 1200ಕ್ಕೆ ಮಾಡಿದರೆ 14×18 ಸೆಂ.ಮೀ.ವರೆಗೆ ಚೊಕ್ಕಟವಾಗಿ ಮುದ್ರಣವಾಗುತ್ತದೆ. ಕಲರ್ ಫೋಟೊ ಕೆಂಪಾಗುವುದು ಅದರ ಸಯಾನ್ (ಹಸಿರು ಮಿಶ್ರಿತ ನೀಲಿ) ಬಣ್ಣ ಮಾಸಿರುವುದರಿಂದ, ಸ್ಟುಡಿಯೊದವರು ಸರಿದೂಗಿಸಬಲ್ಲರು. ಮುಖವನ್ನು ಆ್ಯಪ್‌ನಲ್ಲಿ ‘ಚಂದ’ ಮಾಡಿಸಬೇಡಿ, ಯಾರದೋ ಮುಖವಾಗಿಬಿಡುತ್ತದೆ. ಪ್ರೆಸ್‌ಗೆ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಗುಣಮಟ್ಟ ಇಳಿಯುತ್ತದೆ. ಫೋಟೊದ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಒತ್ತಿದ ಗುರುತು ಮುಂಭಾಗದಲ್ಲಿ ಮೂಡುತ್ತದೆ. ಮೆತ್ತಗಿನ ಪೆನ್ಸಿಲ್ ಬಳಸಿ.

ಪ್ರಶ್ನೆ: ತೀರಿಕೊಂಡ ಹೆಂಡತಿಯ ದನಿ ಇರುವುದು ವಾಟ್ಸಾಪ್ ವಾಯ್ಸ್ ಮೆಸೇಜ್‌ಗಳಲ್ಲಿ ಮಾತ್ರ. ಉಳಿಸಿಕೊಳ್ಳುವುದು ಹೇಗೆ? – ಓದುಗರು, ಮೈಸೂರು

ಉತ್ತರ: ಇದು ಇವತ್ತೇ ಆಗಬೇಕಾದ ಕೆಲಸ. ಆಕೆಯ ಪ್ರೀಪೇಯ್ಡ್ ಸಿಮ್ 90 ದಿನ ಬಳಸದೆ ಬಿಟ್ಟರೆ ರದ್ದಾಗಬಹುದು, ಆಮೇಲೆ ಆ ನಂಬರ್ ಬೇರೆಯವರ ಪಾಲಾಗುತ್ತದೆ. ಬಳಕೆಯಿಲ್ಲದ ಖಾತೆಯನ್ನು ವಾಟ್ಸಾಪ್ ಸಾಮಾನ್ಯವಾಗಿ 120 ದಿನಕ್ಕೆ ಅಳಿಸುತ್ತದೆ. ನಿಮ್ಮ ಫೋನಿಗೆ ಬಂದಿರುವ ಮೆಸೇಜ್‌ಗಳು ಅದರಿಂದ ಹೋಗುವುದಿಲ್ಲ, ಆದರೆ ಫೋನೇ ಕೆಟ್ಟರೆ ಹೋದವು.

ಆಂಡ್ರಾಯ್ಡ್ ಫೋನಾದರೆ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಜೋಡಿಸಿ, ವಾಟ್ಸಾಪ್‌ನ ಮೀಡಿಯಾ ಫೋಲ್ಡರ್‌ನೊಳಗಿನ ವಾಯ್ಸ್ ನೋಟ್ಸ್ ಫೋಲ್ಡರನ್ನು ಪೂರ್ತಿ ನಕಲು ಮಾಡಿ. ಫೈಲಿನ ಹೆಸರಿನಲ್ಲೇ ತಾರೀಖು ಇರುತ್ತದೆ, ಕಳಿಸಿದವರ ಹೆಸರು ಮಾತ್ರ ಇರುವುದಿಲ್ಲ, ಕೇಳಿಯೇ ಆರಿಸಿಕೊಳ್ಳಬೇಕು. ಓಪಸ್ ಎಂಬ ಈ ಬಗೆಯ ಫೈಲ್‌ಗಳು ವಿಎಲ್‌ಸಿ ಎಂಬ ಪ್ಲೇಯರ್‌ನಲ್ಲಿ ಓಡುತ್ತವೆ. ಎಂಪಿ3 ಮಾಡಿಕೊಂಡರೂ ಮೂಲವನ್ನು ಅಳಿಸಬೇಡಿ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಆಕೆಯ ತವರುಮನೆಯಲ್ಲಿ ಇರಲಿ.