11 ಹಾಡು ರೆಕಾರ್ಡ್ ಆಗಿವೆ, ಆಲ್ಬಂ ಯಾವಾಗ ಬಿಡಲಿ?

ನಿಮ್ಮ ಪ್ರಶ್ನೆ ಹೀಗಿದೆ: ಊರು ಹುಬ್ಬಳ್ಳಿ, ಕನ್ನಡದಲ್ಲಿ ರ‍್ಯಾಪ್ ಮಾಡುತ್ತೀರಿ, 11 ಹಾಡು ರೆಕಾರ್ಡ್ ಆಗಿವೆ. ನವೆಂಬರ್ 1ಕ್ಕೆ ಒಂದು ಆಲ್ಬಂ, ಯುಗಾದಿಗೆ ಇನ್ನೊಂದು ಬಿಡುವ ಯೋಚನೆ. ಬೀಟ್‌ಗಳಲ್ಲಿ (ರ‍್ಯಾಪ್‌ನ ಹಿನ್ನೆಲೆ ಸಂಗೀತ) ಅರ್ಧದಷ್ಟು ಯೂಟ್ಯೂಬ್‌ನಲ್ಲಿ ಸಿಕ್ಕಿದ್ದು. ಒಂದು ಹಾಡಿನ ಹುಕ್‌ಗೆ (ಮತ್ತೆ ಮತ್ತೆ ಬರುವ ಸಾಲು) ಶಿಶುನಾಳ ಶರೀಫರ ತತ್ವಪದದ ಹಳೇ ಕ್ಯಾಸೆಟ್‌ನಿಂದ ಒಂದು ಸಾಲು ಕತ್ತರಿಸಿ ಹಾಕಿದ್ದೀರಿ. ಎಲ್ಲ ಒಟ್ಟಿಗೆ ಬಿಡಬೇಕೋ, ಒಂದೊಂದಾಗಿ ಬಿಡಬೇಕೋ ಎಂದು ಕೇಳಿದ್ದೀರಿ.

ನಾನು ಬೆಂಗಳೂರಿನಲ್ಲಿ ಮಿಕ್ಸಿಂಗ್ ಮಾಡುವವನು. ಹಾಡು ಮುಗಿದ ಮೇಲೆ ಅದನ್ನು ಹೊರಗೆ ತರುವ ಓಡಾಟದಲ್ಲೂ ಹುಡುಗರ ಜೊತೆ ಇರುತ್ತೇನೆ. ನನ್ನ ಸಲಹೆ, ಎರಡು ಆಲ್ಬಂ ಬೇಡ, ಒಂದೇ ಸಾಕು. ಅದೂ ಮೂರ್ನಾಲ್ಕು ಸಿಂಗಲ್ (ಒಂಟಿಯಾಗಿ ಬಿಡುವ ಹಾಡು) ಬಂದ ಮೇಲೆ. ಅದಕ್ಕಿಂತ ಮುಖ್ಯವಾದದ್ದು, ನವೆಂಬರ್ 1 ಎನ್ನುವ ತಾರೀಖನ್ನು ಸದ್ಯಕ್ಕೆ ಯಾರಿಗೂ ಹೇಳಬೇಡಿ. ಪೋಸ್ಟರ್ ಹಾಕಿ, ಸ್ಟೇಟಸ್ ಹಾಕಿ, ಆಮೇಲೆ ಒಂದು ಬೀಟ್‌ನ ಲೈಸೆನ್ಸ್‌ಗಾಗಿ ರಾತ್ರಿಯೆಲ್ಲ ಮೇಲ್ ಕಳಿಸುತ್ತಾ ಕೂತ ಹುಡುಗರನ್ನು ನೋಡಿದ್ದೇನೆ. ಹಾಡು ಮುಗಿಯಬೇಕು, ಕಾಗದ ಪತ್ರ ಮುಗಿಯಬೇಕು, ತಾರೀಖು ಅದಾದ ಮೇಲೆ.

ಒಂದೇ ವರ್ಷದಲ್ಲಿ ಎರಡು ಆಲ್ಬಂ ಬಿಟ್ಟು ಗೆದ್ದವರು ಇದ್ದಾರೆ. ಅಮೆರಿಕದ ರ‍್ಯಾಪರ್ ಡಿಎಂಎಕ್ಸ್ ತನ್ನ ಮೊದಲ ಆಲ್ಬಂ ಬಿಟ್ಟಿದ್ದು 1998ರ ಮೇ ತಿಂಗಳಲ್ಲಿ, ಎರಡನೆಯದನ್ನು ಅದೇ ಡಿಸೆಂಬರ್‌ನಲ್ಲಿ. ಎರಡೂ ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದವು. ಅಲ್ಲಿಯದೇ ಇನ್ನೊಬ್ಬ ರ‍್ಯಾಪರ್ ಫ್ಯೂಚರ್ 2017ರ ಫೆಬ್ರವರಿಯಲ್ಲಿ ಒಂದೇ ವಾರದ ಅಂತರದಲ್ಲಿ ಎರಡು ಬಿಟ್ಟು ಎರಡನ್ನೂ ಮೊದಲ ಸ್ಥಾನಕ್ಕೆ ತಂದ. ಆದರೆ ಅವರ ಬೆನ್ನಿಗೆ ದೊಡ್ಡ ಕಂಪನಿಗಳ ಹಣವಿತ್ತು, ರೇಡಿಯೋ ಇತ್ತು. ನಿಮ್ಮ ಹಾಗೆ ಸ್ವಂತ ದುಡ್ಡಲ್ಲಿ ಹೊರಟವರು ನೋಡಬೇಕಾದದ್ದು ನಿಪ್ಸಿ ಹಸಲ್‌ನನ್ನು. ಲಾಸ್ ಏಂಜಲೀಸ್‌ನ ಈ ರ‍್ಯಾಪರ್ ಹುಡುಗ 2005ರಿಂದಲೇ ಮಿಕ್ಸ್‌ಟೇಪ್ (ಅಧಿಕೃತ ಆಲ್ಬಂ ಅಲ್ಲದ ಹಾಡುಗಳ ಗುಚ್ಛ) ಬಿಡುತ್ತಾ ಬಂದ. 2013ರಲ್ಲಿ 'ಕ್ರೆನ್ಶಾ' ಮಿಕ್ಸ್‌ಟೇಪನ್ನು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಕೊಟ್ಟು, ಅದರದ್ದೇ 1000 ಸಿಡಿಗಳನ್ನು ತಲಾ 100 ಡಾಲರ್‌ಗೆ ಮಾರಿದ. ಹೆಸರಾಂತ ರ‍್ಯಾಪರ್ ಜೇ-ಝೀ ಒಬ್ಬನೇ 100 ಪ್ರತಿ ಕೊಂಡ. ಅವನ ಮೊದಲ ಸ್ಟುಡಿಯೋ ಆಲ್ಬಂ ಬಂದಿದ್ದು 2018ರಲ್ಲಿ. ಅಷ್ಟು ವರ್ಷ ಕಾದಿದ್ದರಿಂದ ಅವನಿಗೇನೂ ನಷ್ಟವಾಗಲಿಲ್ಲ. ಆಲ್ಬಂ ಬರುವ ಹೊತ್ತಿಗೆ ಕೇಳುವವರು ತಯಾರಾಗಿದ್ದರು.

ಈಗ ನಿಮ್ಮ ಬೀಟ್‌ಗಳ ವಿಷಯ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. 'ಟೈಪ್ ಬೀಟ್' (ಹೆಸರಾಂತ ಕಲಾವಿದರ ಶೈಲಿಯ ಬೀಟ್) ಎಂದು ಹುಡುಕಿದಾಗ ಸಿಗುವವುಗಳಲ್ಲಿ 'ಫ್ರೀ' ಎಂದು ಬರೆದದ್ದು ಬಹಳ ಸಲ ಲಾಭವಿಲ್ಲದ ಬಳಕೆಗೆ ಮಾತ್ರ. ಹಾಡನ್ನು ಸ್ಪಾಟಿಫೈಗೆ ಹಾಕಿದಿರಿ ಎಂದರೆ ಅದು ವ್ಯಾಪಾರವೇ. ದುಡ್ಡು ಕೊಟ್ಟು ಲೀಸ್‌ಗೆ, ಅಂದರೆ ಬಳಸುವ ಅನುಮತಿಯಷ್ಟನ್ನೇ, ತೆಗೆದುಕೊಂಡಿದ್ದರೂ ಅದರ ಒಪ್ಪಂದದ ಪಿಡಿಎಫ್ ತೆರೆದು ಮೂರು ಸಾಲು ಹುಡುಕಿ: ಎಷ್ಟು ಸ್ಟ್ರೀಮ್‌ವರೆಗೆ ಅನುಮತಿ, ಎಷ್ಟು ವರ್ಷಕ್ಕೆ, ವಿಡಿಯೋಗೂ ಸೇರಿದೆಯೋ ಇಲ್ಲವೋ. ಸಾಮಾನ್ಯ ಲೀಸ್ ಆದರೆ ಅದೇ ಬೀಟ್ ಇನ್ನೂ ಎಷ್ಟೋ ಜನರ ಹತ್ತಿರ ಇರುತ್ತದೆ. ಹಾಗಾಗಿ ಹಾಡು ಅಪ್‌ಲೋಡ್ ಮಾಡುವಾಗ ಡಿಸ್ಟ್ರಿಬ್ಯೂಟರ್ (ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಕಂಪನಿ) ಫಾರ್ಮ್‌ನಲ್ಲಿ ಬರುವ 'ಕಂಟೆಂಟ್ ಐಡಿ' (ಹಾಡು ಬಳಸಿದ ವಿಡಿಯೋ ಹುಡುಕುವ ಯೂಟ್ಯೂಬ್ ವ್ಯವಸ್ಥೆ) ಎನ್ನುವ ಚೌಕಕ್ಕೆ ಟಿಕ್ ಹಾಕಬೇಡಿ. ಹಾಕಿದರೆ ನೀವು ಅವರ ವಿಡಿಯೋ ಮೇಲೆ, ಅವರು ನಿಮ್ಮ ವಿಡಿಯೋ ಮೇಲೆ ಹಕ್ಕಿನ ಕ್ಲೈಮ್ ಹಾಕುತ್ತಾ ಹೋಗುತ್ತೀರಿ. ಆಲ್ಬಂನ ಮುಖ್ಯ ಹಾಡು ಯಾವುದೋ ಅದಕ್ಕಾದರೂ ಎಕ್ಸ್‌ಕ್ಲೂಸಿವ್ (ನಿಮಗೊಬ್ಬರಿಗೇ ಮಾರುವ) ಬೀಟ್ ಕೊಂಡುಕೊಳ್ಳಿ, ಇಲ್ಲವೇ ನಿಮ್ಮ ಊರಿನದೇ ಹುಡುಗನ ಕೈಲಿ ಹೊಸದಾಗಿ ಮಾಡಿಸಿ. ನಮ್ಮಲ್ಲಿ ಒಳ್ಳೆ ಪ್ರೊಡ್ಯೂಸರ್‌ಗಳು ಬೇಕಾದಷ್ಟು ಇದ್ದಾರೆ, ಕೇಳುವವರು ಕಡಿಮೆ.

ಶರೀಫರ ಸಾಲಿನ ಬಗ್ಗೆ. ಶರೀಫರ ಕಾಲ 1819ರಿಂದ 1889. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷಕ್ಕೆ ಕಾಪಿರೈಟ್ ಮುಗಿಯುತ್ತದೆ, ಹಾಗಾಗಿ ಆ ಪದ ನಮ್ಮೆಲ್ಲರದು. ಆದರೆ ಕ್ಯಾಸೆಟ್‌ನ ಕಥೆ ಬೇರೆ. ರೆಕಾರ್ಡಿಂಗ್ ಹೊರಬಂದ ವರ್ಷದಿಂದ 60 ವರ್ಷ ಅದರ ಹಕ್ಕು ಕಂಪನಿಯದು. ರಾಗವನ್ನು ಈ ಕಾಲದ ಸಂಗೀತಗಾರರು ಕೂರಿಸಿದ್ದರೆ ಆ ರಾಗಕ್ಕೂ ಪ್ರತ್ಯೇಕ ಹಕ್ಕು ಇದೆ. ನ್ಯೂಯಾರ್ಕ್‌ನ ರ‍್ಯಾಪ್ ಗುಂಪು ಡಿ ಲಾ ಸೋಲ್‌ಗೆ ಆದದ್ದು ನೆನಪಿರಲಿ. 1989ರ ಅವರ ಮೊದಲ ಆಲ್ಬಂ ತುಂಬ ಬೇರೆಯವರ ಹಾಡಿನ ತುಣುಕುಗಳೇ. ಟರ್ಟಲ್ಸ್ ಬ್ಯಾಂಡ್‌ನವರು ಕೋರ್ಟಿಗೆ ಹೋದರು. ಒಪ್ಪಂದ ಮಾಡಿಕೊಂಡಿದ್ದ ತುಣುಕುಗಳ ಪತ್ರಗಳೂ ಸ್ಟ್ರೀಮಿಂಗ್ ಹುಟ್ಟುವ ಮೊದಲಿನವು, ಹಾಗಾಗಿ ಸ್ಟ್ರೀಮಿಂಗ್‌ಗೆ ಸಾಲಲಿಲ್ಲ. ಕೊನೆಗೆ ಆ ಆಲ್ಬಂ ಸ್ಟ್ರೀಮಿಂಗ್‌ಗೆ ಬಂದಿದ್ದು 2023ರ ಮಾರ್ಚ್ 3ರಂದು. ಗುಂಪಿನ ಮೂವರಲ್ಲಿ ಒಬ್ಬನಾದ ಡೇವ್ ಅದಕ್ಕೆ ಮೂರು ವಾರ ಮೊದಲಷ್ಟೇ ತೀರಿಕೊಂಡಿದ್ದ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಾಡು ಜನಕ್ಕೆ ಇಷ್ಟವಾಗದೆ ಸೋತರೆ ಒಂದು ಮಾತು, ಕಾಗದ ಸರಿಯಿಲ್ಲದೆ ಮೂಲೆಗೆ ಬಿದ್ದರೆ ಹೇಗೆ ಸಹಿಸುವುದು?

ಪ್ರತಿ ಹಾಡಿಗೂ ಒಂದು ಫೋಲ್ಡರ್ ಮಾಡಿ. ಒಳಗೆ 24 ಬಿಟ್ ವೇವ್ ಮಾಸ್ಟರ್ (ಹಾಡಿನ ಅಂತಿಮ ಫೈಲ್), ಇನ್‌ಸ್ಟ್ರುಮೆಂಟಲ್, ವೋಕಲ್ ಮಾತ್ರ ಇರುವ ಫೈಲ್, ಬೈಗುಳ ತೆಗೆದ ಕ್ಲೀನ್ ವರ್ಷನ್, ಸಾಹಿತ್ಯ, ಬೀಟ್‌ನ ಲೈಸೆನ್ಸ್, 3000 ಪಿಕ್ಸೆಲ್ ಚೌಕದ ಕವರ್, ಆಮೇಲೆ ಸ್ಪ್ಲಿಟ್ ಶೀಟ್. ಇದರಲ್ಲಿ ಎಲ್ಲರೂ ಬಿಡುವುದು ಕೊನೆಯದನ್ನೇ. ಬರೆದವರು ಯಾರು, ಬೀಟ್ ಯಾರದು, ಹುಕ್ ಯಾರು ಹಾಡಿದರು, ಯಾರಿಗೆ ಶೇಕಡ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಗೆಳೆಯರ ನಡುವೆ ಇದೆಲ್ಲ ಯಾಕೆ ಎನ್ನಬೇಡಿ, ಗೆಳೆತನ ಉಳಿಯಲೆಂದೇ ಈ ಹಾಳೆ. ಸಾಹಿತ್ಯ ನಿಮ್ಮದೇ ಆದ್ದರಿಂದ ಐಪಿಆರ್‌ಎಸ್ (ಹಾಡು ಬರೆದವರ, ಸಂಗೀತ ಕೂರಿಸಿದವರ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆ) ಸದಸ್ಯತ್ವವನ್ನೂ ಮಾಡಿಸಿಕೊಳ್ಳಿ. ಕಾಪಿರೈಟ್ ಕಾನೂನಿನ 2012ರ ತಿದ್ದುಪಡಿಯ ನಂತರ ಬರೆದವರ ರಾಯಲ್ಟಿ ಹಕ್ಕು ಗಟ್ಟಿಯಾಗಿದೆ.

ಮಾಸ್ಟರ್ ಒಪ್ಪುವ ಮೊದಲು ಹಾಡನ್ನು ಮಾಮೂಲಿ ಫೋನ್ ಸ್ಪೀಕರ್‌ನಲ್ಲಿ, ಓಡುವ ಆಟೋದಲ್ಲಿ ಕೇಳಿ. ನಿಮ್ಮ ಕಡೆಯ ಮಾತಿನ ಓಟಕ್ಕೆ ಒತ್ತಕ್ಷರಗಳೇ ತಾಳ. 808 ಬೇಸ್ (ರ‍್ಯಾಪ್ ಬೀಟ್‌ಗಳ ಗುಂಯ್‌ಗುಡುವ ತಗ್ಗು ದನಿ) ಸ್ವಲ್ಪ ಹೆಚ್ಚಾದರೂ ಮೊದಲು ಮುಳುಗುವುದು ಅವೇ.

ಇಷ್ಟಾದ ಮೇಲೆ ಬಿಡುವ ಕ್ರಮ. 11ರಲ್ಲಿ ಎಂಟು ಆರಿಸಿ. ಅದರಲ್ಲಿ ಮೂರನ್ನು ಐದಾರು ವಾರಕ್ಕೊಂದರಂತೆ ಸಿಂಗಲ್ ಆಗಿ ಬಿಡಿ, ನಾಲ್ಕನೆಯದು ಆಲ್ಬಂ ಜೊತೆ. ಸಿಂಗಲ್‌ಗೆ ಕೊಟ್ಟ ಐಎಸ್‌ಆರ್‌ಸಿ ನಂಬರನ್ನೇ (ಪ್ರತಿ ರೆಕಾರ್ಡಿಂಗ್‌ನ ಗುರುತಿನ ಸಂಖ್ಯೆ) ಆಲ್ಬಂಗೆ ಹಾಕುವಾಗಲೂ ಕೊಡಿ, ಅದೇ ಆಡಿಯೋ ಫೈಲ್ ಹಾಕಿ. ಆಗ ಹಳೆಯ ಪ್ಲೇಗಳೆಲ್ಲ ಆಲ್ಬಂನ ಲೆಕ್ಕದಲ್ಲೂ ಕಾಣುತ್ತವೆ. ಸ್ಪಾಟಿಫೈ ಎಡಿಟರ್‌ಗಳಿಗೆ ಒಂದು ಸಲಕ್ಕೆ ಒಂದೇ ಹಾಡನ್ನು ಪಿಚ್ ಮಾಡಬಹುದು (ಪ್ಲೇಲಿಸ್ಟ್‌ಗೆ ಸೇರಿಸಿ ಎಂದು ಕೇಳಬಹುದು), ಅದೂ ಬಿಡುಗಡೆಗೆ ಮೊದಲು. ಕನಿಷ್ಠ ಏಳು ದಿನ ಮುಂಚೆ ಮಾಡಿದರೆ ನಿಮ್ಮನ್ನು ಫಾಲೋ ಮಾಡುವವರ ರಿಲೀಸ್ ರೇಡಾರ್ ಎನ್ನುವ ಹೊಸ ಹಾಡುಗಳ ಪ್ಲೇಲಿಸ್ಟ್‌ಗೆ ಆ ಹಾಡು ಹೋಗುತ್ತದೆ. ನಾನಂತೂ ನಾಲ್ಕು ವಾರ ಮುಂಚೆಯೇ ಹಾಕಿಸುತ್ತೇನೆ. 11 ಹಾಡನ್ನು ಒಂದೇ ದಿನ ಸುರಿದರೆ ಸಿಗುವುದು ಒಂದು ಪಿಚ್. ನನ್ನ ಕ್ರಮದಲ್ಲಿ ನಾಲ್ಕು.

ಎಂಟೇ ಹಾಡು ಯಾಕೆಂದರೆ, 2024ರಿಂದ ಹಿಂದಿನ 12 ತಿಂಗಳಲ್ಲಿ 1000 ಸ್ಟ್ರೀಮ್ ಆಗದ ಹಾಡಿಗೆ ಸ್ಪಾಟಿಫೈ ದುಡ್ಡು ಕೊಡುವುದಿಲ್ಲ. ಸುಮ್ಮನೆ ಸಂಖ್ಯೆ ತುಂಬಿಸುವ ಹಾಡಿನಿಂದ ನಿಮಗೆ ಹಣವೂ ಬರುವುದಿಲ್ಲ, ಕೇಳುವವರ ಗಮನವೂ ಚದುರುತ್ತದೆ. ಉಳಿದ ಮೂರನ್ನು ಎಸೆಯಬೇಡಿ, ವೇದಿಕೆ ಮೇಲೆ ಮಾತ್ರ ಹಾಡಿ ನೋಡಿ.

ರಾಜ್ಯೋತ್ಸವದ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಆ ವಾರ ಎಲ್ಲರೂ ಕನ್ನಡದ ಹಾಡು ಬಿಡುತ್ತಾರೆ, ಹೊಸಬರ ದನಿ ಕೇಳುವುದೇ ಕಷ್ಟ. ಅದರ ಬದಲು ನಿಮ್ಮ ಗಟ್ಟಿ ಸಿಂಗಲ್ ಗಣೇಶನ ಹಬ್ಬದ ಹೊತ್ತಿಗೆ ಬರಲಿ. ನವೆಂಬರ್ ಪೂರ್ತಿ ಸಂಘಗಳು, ಕಾಲೇಜುಗಳು ಕಾರ್ಯಕ್ರಮ ಮಾಡುತ್ತವೆ. ಅಷ್ಟರಲ್ಲಿ ಹುಡುಗರ ಬಾಯಲ್ಲಿ ಹುಕ್ ಇದ್ದರೆ ವೇದಿಕೆಗೆ ಕರೆ ಬರುತ್ತದೆ, ಒಪ್ಪಿದ ಹಣವೂ ಬರುತ್ತದೆ. ಆಲ್ಬಂ ಅದಾದ ಮೇಲೆ, ಕಾಲೇಜು ಫೆಸ್ಟ್‌ಗಳು ಶುರುವಾಗುವ ಮುಂಚೆ. ವಾರ ಶುಕ್ರವಾರವೇ ಇರಲಿ, 2015ರಿಂದ ಜಗತ್ತಿನಾದ್ಯಂತ ಹೊಸ ಹಾಡು ಬಿಡುವ ದಿನ ಅದೇ. ಅಂದು ದೊಡ್ಡ ಸ್ಟಾರ್ ಸಿನಿಮಾ ಇಲ್ಲವೆಂದು ಮಾತ್ರ ನೋಡಿಕೊಳ್ಳಿ.

ಈ ವಾರ ಮಾಡಬೇಕಾದದ್ದು ಎರಡು ಕೆಲಸ. ಬೀಟ್ ಮಾಡಿದವರಿಗೆಲ್ಲ ಮೇಲ್ ಹಾಕಿ ಲೈಸೆನ್ಸ್ ಬರಹದಲ್ಲಿ ತರಿಸಿಕೊಳ್ಳಿ. ಉತ್ತರ ಬಾರದ ಬೀಟ್‌ನ ಹಾಡನ್ನು ಪಟ್ಟಿಯಿಂದ ತೆಗೆಯಿರಿ. ಎರಡನೆಯದು, ಆ ಕ್ಯಾಸೆಟ್ ಸಾಲನ್ನು ಕಿತ್ತುಹಾಕಿ, ನಿಮ್ಮ ಊರಿನ ಭಜನಾ ಮೇಳದಲ್ಲಿ ತತ್ವಪದ ಹಾಡುವ ಯಾರನ್ನಾದರೂ ಸ್ಟುಡಿಯೋಗೆ ಕರೆದುಕೊಂಡು ಬಂದು ಹೊಸ ಧಾಟಿಯಲ್ಲಿ ಹಾಡಿಸಿ. ಅವರಿಗೆ ಅವತ್ತೇ ಸಂಭಾವನೆ ಕೊಡಿ, ಕ್ರೆಡಿಟ್‌ನಲ್ಲಿ ಹೆಸರು ಹಾಕಿ, ಸ್ಪ್ಲಿಟ್ ಶೀಟ್‌ನಲ್ಲಿ ಪಾಲನ್ನೂ ಬರೆಯಿರಿ.